ಒಂದ ಡಬ್ಬ್ಯಾಗ ನಲವತ್ತ ಆಟ

ಅಣ್ಣನ ಮಗ ಹುಬ್ಬಳ್ಳಿಯಿಂದ ತಂದಾನ,
ಒಂದ ಡಬ್ಬ್ಯಾಗ ನಲವತ್ತ ಆಟ.
"ಅತ್ತಿ, ನಿನ್ನ ಕಾಲದ್ದು ನೋಡು," ಅಂತಾನ.
ನನ್ನ ಕಾಲದ್ದು ಅದರಾಗ ಮೂರ ಅದಾವ:
ಏಳನೇದು, ಹತ್ತೊಂಬತ್ತನೇದು, ಮೂವತ್ತೆರಡನೇದು.
ಉಳಿದವು ಯಾವ ಊರಿಗೆ ಹೋಗಿದ್ದವೋ,
ಗದಗಿನ ಟಾಂಗಾಕೂಟದಾಗಂತೂ ಇಳಿದಿರಲಿಲ್ಲ.

ಬೆಟಗೇರಿಯ ಎರಡ ಮಗ್ಗ ಮಾರಿ ಅಪ್ಪ
ಮಡಗಾಂವದಿಂದ ಲಾರಿ ಮ್ಯಾಲೆ ತಂದದ್ದು ಮೂರ ಮಶಿನ್ನು.
ತಾಡಪತ್ರಿ ಬಿಚ್ಚಿದಾಗ
ಒಂದರ ಗಾಜಿನ ಹಿಂದ ಮೀನಿನ ವಾಸನಿ.
ಹಿಡಿಕಿ ಮುರದಾಗ ಲಾಳಿಯ ಕಟಗಿ ಕೆತ್ತಿ ಕೂಡಿಸಿದ.
ಮೊದಲೂ ಅದು ಎಡಕ್ಕ ಬಲಕ್ಕ ಓಡತಿತ್ತು,
ಆಮ್ಯಾಲೂ ಅದನ್ನ ಮಾಡತು,
ಸೀರಿ ಮಾತ್ರ ಹುಟ್ಟಲಿಲ್ಲ.

ನನಗ ಹದಿನಾಲ್ಕು. ಸಾಲಿ ಬಿಟ್ಟಕೂಡ್ಲೆ
ಟೇಬಲ್ಲು, ಗಲ್ಲಾ, ಹಿತ್ತಾಳಿ ಟೋಕನ್ನು.
ರೂಪಾಯಿಗೆ ಒಂದು, ಐದಕ್ಕ ಆರು.
ಹುಡುಗರ ಬೆನ್ನ ಕಂಡೀನಿ, ಆಟ ಕಂಡಿಲ್ಲ.
ಹಿಮ್ಮಡ ಎದ್ದರ ಅಲ್ಲೇನೋ ಗಂಡಾಂತರ ಅಂತ ತಿಳಕೋತಿದ್ದೆ.
ಹೆಣ್ಣ ಹುಡುಗಿ ಆಡಬಾರದು ಅಂತ ಯಾರೂ ಅನ್ನಲಿಲ್ಲ.
ಕೇಳಿದರಲ್ಲ, ಅನ್ನೂದು.

ಸಾಯೂ ಸಪ್ಪಳದಾಗ ಗುರತ ಹಿಡೀತಿದ್ದೆ:
ಒಮ್ಮೆಲೇ ಸತ್ತರ ಪ್ರೆಸ್ಸಿನ ಮಲ್ಲೇಶಿ,
ಗುಂಡಿ ಗುದ್ದಿ ಗುದ್ದಿ ಸತ್ತರ ವಕೀಲರ ಮಗ,
ಸಾಯದ ಇದ್ದರ ದಾವಲ.
ಪಂಚರ ಅಂಗಡಿಯ ದಾವಲ, ಬೆರಳ ತುಂಬ ಸೊಲೂಷನ್ನಿನ ವಾಸನಿ,
ಒಂದ ಟೋಕನ್ನಿಗೆ ಎರಡ ತಾಸು.
ಪಾಳಿ ಹಚ್ಚಿದವರು ಗಿರ್ಮಿಟ್ ತಿಂದು ಹೊಳ್ಳಿ ಬಂದರೂ
ಅವನ ವಿಮಾನ ಹಾರಕೋತನ ಇರತಿತ್ತು.

ಒಂದ ಸಂಜಿ ಅಪ್ಪ ನನ್ನ ಕಡೆ ನೋಡಿ
ಕಿರಿಬೆರಳ ಅಷ್ಟ ಎತ್ತಿದ.
ಮೇನ್ ಸ್ವಿಚ್ಚು ನನ್ನ ತಲಿ ಮ್ಯಾಲೇ ಇತ್ತು.

"ಕರೆಂಟ್ ಹೋತು," ಅಂದೆ.
ಎದುರಿನ ಮಿರ್ಚಿ ಅಂಗಡ್ಯಾಗ ದೀಪ ಉರಿಯಾಕತ್ತಿತ್ತು.
ದಾವಲ ಅದನ್ನ ನೋಡಿದ. ನನ್ನ ನೋಡಲಿಲ್ಲ.
ಯಾದಿಯ ತುದಿಗೆ ಅವನ ಮೂರ ಅಕ್ಷರ ಇದ್ದವು,
ಆ ಮಶಿನ್ನಿಗೆ ಕರೆಂಟ್ ಹೋದರ ನಿನ್ನಿದು ನೆನಪಿರತಿರಲಿಲ್ಲ.

"ಅತ್ತಿ, ಗಾಜಿನ ಮ್ಯಾಲೆ ಹಳೇ ಗೆರಿ ಬೇಕೇನು?
ಸುತ್ತಲೂ ಮಶಿನ್ನಿನ ಚಿತ್ರ ಹಚ್ಚಲೇನು?"
ಸೆಟ್ಟಿಂಗಿನ್ಯಾಗ ಎಲ್ಲಾ ಐತಿ,
ಮೀನಿನ ವಾಸನಿ ಒಂದ ಬಿಟ್ಟು.
ರೊಕ್ಕ ಹಾಕು ಅಂತ ಮಿಣಕತೈತಿ, ಅದಕ್ಕೂ ಒಂದ ಗುಂಡಿ.
ಒತ್ತಿದೆ. ಒಂದಾತು. ಮತ್ತ ಒತ್ತಿದೆ.
ತೊಂಬತ್ತೊಂಬತ್ತರ ತನಕ ಒತ್ತಿದೆ,
ಅಪ್ಪನ ಎರಡ ದಿನದ ಗಲ್ಲಾ
ಒಂದ ಹೆಬ್ಬಟ್ಟಿನಾಗ.

ಮೂವತ್ತೆರಡನೇದು ತಗದೆ, ವಿಮಾನದ್ದು.
ನಲವತ್ತಾರರಾಗ ಮೊದಲನೇ ಸಲ ಮುಂದ ಕುಂತೆ.
ಸಪ್ಪಳ ಎಲ್ಲಾ ಗೊತ್ತಿದ್ದವು.
ಢಬ್ ಢಬ್ ಟುಂಯ್ ಅಂದರ ಸೇತುವಿ ಮುರೀತು ಅಂತಿದ್ದೆ.
ಅಲ್ಲ, ಅದು ಬರೇ ಎಣ್ಣಿ ತುಂಬಿಸೂ ಸಪ್ಪಳ.
ಮೂವತ್ತ ವರ್ಷ ನನ್ನ ತಲ್ಯಾಗ
ಒಂದ ಸೇತುವಿ ಸುಮ್ಮನ ಮುರದ ಬಿದ್ದಿತ್ತು.

ಮೂರ ಸಲ ಸತ್ತೆ, ಮಲ್ಲೇಶಿಯಂಗ, ಒಮ್ಮೆಲೇ.
ಆದರೂ ಯಾದಿಯ ಕಡೀ ಸಾಲಿನ್ಯಾಗ ಜಾಗ ಸಿಕ್ಕತು.
ಮೂರ ಅಕ್ಷರ ಬರಿ, ಅಂತು. ಹತ್ತು. ಒಂಬತ್ತು.
ನನ್ನ ಹೆಸರ ಅಂಬೂಬಾಯಿ. ಎ, ಎಂ, ಬಿ, ಬರೋಬ್ಬರಿ ಆಗತಿತ್ತು.
ಆದರ ಬಟ್ಟು ಡಿ ತನಕ ಹೋತು,
ದಾವಲಂದ ಬರದ ಬಿಡಲೇನು ಅಂತ.
ನಾ ಗಳಿಸಿದ ಇಷ್ಟಕ್ಕ ಅವನ ಹೆಸರ ಹಚ್ಚಿದರ
ಅದು ಕೊಟ್ಟಂಗೋ, ಇನ್ನೊಮ್ಮೆ ಕಸಗೊಂಡಂಗೋ.
ಹೊಳ್ಳಿ ಎಕ್ಕ ಬಂದೆ. ಅಷ್ಟರಾಗ ವ್ಯಾಳ್ಯಾ ಮುಗೀತು,
ಮಶಿನ್ನು ತಾನ ಬರಕೊಂತು:

ಎ ಎ ಎ

ಏ, ಏ, ಏ, ಎರಡ ಟೋಕನ್ ಕೊಡ!
ಹೆಸರ ಹಿಡದ ಒಬ್ಬನೂ ಕರದಿರಲಿಲ್ಲ. ದಾವಲನೂ.

"ಬಂದೆ, ತಡಿ," ಅಂದೆ.
ಕೈ ತಾನಾಗೇ ಚಿಲ್ಲರದ ಡಬ್ಬಿ ಹುಡುಕಾಕ ಹೋತು.
"ಯಾರಿಗೆ ಅತ್ತಿ?" ಅಂದ ಅಣ್ಣನ ಮಗ.