ನೂರಕ್ಕೆ ಮೂವತ್ತನಾಲ್ಕು

ಮನಾಮದ ಸೂಕಿನಲ್ಲಿ ಏಲಕ್ಕಿ ಚೀಲಗಳ ಓಣಿ ತಿರುಗಿದರೆ
ಪೊಡಿಯಬ್ಬ ಕಾಕನ ವಾಚು ರಿಪೇರಿ ಅಂಗಡಿ:
ಆರು ಮೊಳ ಅಗಲ, ಒಂದು ಸ್ಟೂಲು,
ತಮಗೆ ತೋಚಿದ ಹೊತ್ತು ಹೇಳುವ ಒಂಬತ್ತು ಗೋಡೆ ಗಡಿಯಾರ.

ಶುಕ್ರವಾರ. ಜುಮ್ಮಾ ಮುಗಿದಿದೆ. ಶಟರು ಅರ್ಧ ಇಳಿದಿದೆ.
ಕಾರ್ಗೋ ಆಫೀಸಿನ ನನ್ನ ಲ್ಯಾಪ್‌ಟಾಪು ಅವನ ಮೇಜಿನ ಮೇಲೆ.
ಅಳಿಯ ಯಾವಾಗಲೋ ಮಾಡಿಕೊಟ್ಟ ವೆಬ್‌ಸೈಟು;
ಒಬ್ಬ ಗಿರಾಕಿಯೂ ಅದರಿಂದ ಬಂದಿಲ್ಲ, ಯಾಕೆ ನೋಡು ಮಾರಾಯ, ಎಂದಿದ್ದ.

ಪರೀಕ್ಷೆ ಮಾಡುವ ಯಂತ್ರಗಳಿವೆ ಕಾಕ,
ವಿಳಾಸ ಹಾಕಿದರೆ ಸಾಕು. ದುಡ್ಡಿಲ್ಲ.
"ಪುಕ್ಕಟೆಯೋ? ಹಾಗಾದರೆ ನನಗೊಂದು, ನನ್ನಪ್ಪನಿಗೊಂದು."
ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ ಪರದೆಗೆ ಬಾಗಿದ.

ವೃತ್ತವೊಂದು ತಿರುಗಿತು, ತಿರುಗಿತು,
ಕೆಂಪಗೆ ನಿಂತಿತು:
ಮೂವತ್ತನಾಲ್ಕು.

ಕಾಕ ಗಾಜು ತೆಗೆದು ಅಂಗಿಯ ಚುಂಗಿಗೆ ಒರೆಸಿದ.
"ಎಸ್ಸೆಸ್ಸೆಲ್ಸಿ ಲೆಕ್ಕದಲ್ಲೂ ಇದೇ ನಂಬರು.
ಒಂದು ಗ್ರೇಸ್ ಮಾರ್ಕು ಬಿದ್ದಿದ್ದರೆ ಉಳ್ಳಾಲದಲ್ಲೇ ಮೇಷ್ಟ್ರಾಗಿ
ನಿನ್ನಂಥವರ ಕಿವಿ ಹಿಂಡುತ್ತಿದ್ದೆ.
ಸರಿ, ಓದು. ಎಲ್ಲೆಲ್ಲಿ ತಪ್ಪಿದ್ದೇನೆ?"

ಪುಟ ತೆರೆಯಲು ಹನ್ನೊಂದು ಸೆಕೆಂಡು, ಎಂದೆ.
ಸ್ಟಾಪ್‌ವಾಚು ಹಿಡಿದು ತಾನೇ ಅಳೆದ: ಹನ್ನೊಂದೂವರೆ.
"ನಿನ್ನ ಯಂತ್ರ ಅರ್ಧ ಸೆಕೆಂಡು ಹಿಂದೆ."
ಆಮೇಲೆ ಸ್ವಲ್ಪ ಗೆಲುವಾದ.

ಅಂಗಡಿ ತೆರೆದ ದಿನದ ಫೋಟೋ ಬಹಳ ಭಾರ ಅಂತೆ. ಕುಗ್ಗಿಸಿದೆ,
ಅದಕ್ಕೂ ಪುಕ್ಕಟೆ ಯಂತ್ರ. ಮುಖಗಳು ಹಾಗೇ ಉಳಿದವು,
ಹಿಂದಿನ ಗೋಡೆಯ ಬಿರುಕು ಮಾತ್ರ ಹೋಯಿತು.
ಬಿಳಿಯ ಮೇಲೆ ಬೂದು ಅಕ್ಷರ, ಓದಲಾಗದು ಅಂತೆ.
"ಅಳಿಯನ ಫ್ಯಾಷನ್ನು. ಕಪ್ಪು ಮಾಡು."

ಸತ್ತ ಕೊಂಡಿಗಳು ಐದು. ಒಂದು, ಮುಹರ್ರಕ್ ಶಾಖೆ:
ಒತ್ತಿದರೆ ಖಾಲಿ ಪುಟ.
ಶಾಖೆ ಇತ್ತಾ ಕಾಕ?
"ಇತ್ತು. ಬಾವ ಇದ್ದ."
ಅಳಿಸಲಾ?
"ಅಳಿಸು."
"ತಡಿ."
ಒಂಬತ್ತು ಗಡಿಯಾರ ನಡೆದವು.
"ಅಳಿಸು."

ಕೊನೆಗೆ, ಹದಿನಾಲ್ಕು ಚಿತ್ರಗಳಿಗೆ ಮಾತಿಲ್ಲ ಎಂದಿತು.
ಕಣ್ಣು ಕಾಣದವರಿಗೆ ಫೋನು ಪುಟವನ್ನು ಓದಿ ಹೇಳುತ್ತದಂತೆ,
ನಾವು ಏನೂ ಬರೆದಿಡದಿದ್ದರೆ
'ಚಿತ್ರ' ಎಂದಷ್ಟೇ ಹೇಳಿ ದಾಟುತ್ತದಂತೆ.
ವಾಚಿನಂಗಡಿಗೆ ಕುರುಡರೆಲ್ಲಿ ಬರುತ್ತಾರೆ, ಬಿಡಿ, ಎಂದೆ.

"ಇಸ್ಸಾ ಹಾಜಿ ಬರುತ್ತಿದ್ದರು. ಮುತ್ತಿನ ದೋಣಿಯವರ ಮಗ.
ಗಾಜಿನ ಮುಚ್ಚಳ ತೆರೆಯುವ ವಾಚು; ಮುಳ್ಳನ್ನು ಹೆಬ್ಬೆರಳಲ್ಲಿ ಸವರಿ
ಗೋಡೆಗೆ ನೋಡುತ್ತಿದ್ದ ನನಗಿಂತ ಮೊದಲು ಅಸರ್‌ಗೆ ಏಳುತ್ತಿದ್ದರು.
ಬರಕೋ."

ಅವನು ಬ್ಯಾರಿಯಲ್ಲಿ, ನಾನು ಇಂಗ್ಲಿಷಿನಲ್ಲಿ,
ಪಕ್ಕದ ಅತ್ತರಿನಂಗಡಿಯ ಸಾಲಿಹ್ ಅರಬಿಯಲ್ಲಿ.
'ಹಳೆಯ ವಾಚಿನ ಚಿತ್ರ' ಎಂದು ಬರೆದದ್ದಕ್ಕೆ ಬೈದ.
"ಇದೇನು ಹೇಳಿದ ಹಾಗಾಯಿತಾ? ಬರಿ:
ತಣ್ಣಗಿನ ಉಕ್ಕು. ಬಲಕ್ಕೆ ಕೀಲಿ, ಹಲ್ಲು ಸವೆದಿದೆ.
ಬೆನ್ನಿಗೆ ಗೀರು, ಉಗುರು ಸಿಕ್ಕಿಕೊಳ್ಳುವಷ್ಟು.
ಕಿವಿಗೆ ಹಿಡಿದರೆ ಸೆಕೆಂಡಿಗೆ ಐದು ಸಲ."

ಹದಿನಾಲ್ಕಕ್ಕೂ ಹಾಗೇ. ಕರಕ್ ಚಹಾ ಕೆನೆಗಟ್ಟಿತು,
ಇಶಾದ ಬಾಂಗು ಆಯಿತು, ಸಾಲಿಹ್ ಎರಡು ಸಲ ಆಕಳಿಸಿದ.
ಮತ್ತೆ ವಿಳಾಸ ಹಾಕಿದೆ. ವೃತ್ತ ತಿರುಗಿತು.
ಎಂಬತ್ತೇಳು ಕಾಕ! ಡಿಸ್ಟಿಂಕ್ಷನ್!

ಅವನು ಇತ್ತ ನೋಡಲಿಲ್ಲ. ಕಣ್ಣು ಮುಚ್ಚಿ
ಫೋನನ್ನು ಕಿವಿಗೆ ಒತ್ತಿಕೊಂಡು ಕೂತಿದ್ದ.
ಒಳಗೆ ಯಂತ್ರದ ಹೆಂಗಸು ಓದುತ್ತಿದ್ದಳು,
ಉಕ್ಕು, ಕೀಲಿ, ಗೀರು.

"ಸೆಕೆಂಡಿಗೆ ಐದು ಅನ್ನುವುದನ್ನು
ತುಂಬ ಗಡಿಬಿಡಿಯಲ್ಲಿ ಹೇಳಿಬಿಟ್ಟಳು," ಎಂದ.
"ಅದನ್ನು ಸರಿ ಮಾಡಲು ಬರುತ್ತದಾ?"