ತೂಕದ ಚೀಟಿ

ಗಾಡಿಗೆ ನಲವತ್ತು ಕಿಲೋ.
ಹೆಚ್ಚೇನಲ್ಲ, ಒಂದೆರಡು ಹೊರೆ ಕಬ್ಬು,
ಆಲೆಮನೆಯ ಮಕ್ಕಳು ಜಗಿದು ಉಗಿಯುವಷ್ಟು.
ಹಾಗಂದುಕೊಂಡೇ ಮೂರು ಸುಗ್ಗಿ ಬರೆದೆ,
ಮಂಡ್ಯದ ರಸ್ತೆಯ ಆ ತಗಡಿನ ಕೋಣೆಯಲ್ಲಿ,
ನೀಲಿ ಶಾಯಿ, ನನ್ನ ಗುಂಡು ಅಕ್ಷರ,
ಕಾರ್ಬನ್ನಿನ ಕೆಳಗೆ ಅದೇ ಸುಳ್ಳು ಇನ್ನೊಮ್ಮೆ.

ಆಲೆಮನೆಯ ಒಡೆಯ ಚೌರಪ್ಪ ನನ್ನ ಜ್ಞಾನತಂದೆ.
ತಲೆಗೆ ನೀರು ಬಿದ್ದಾಗ ನಾನು ಕಿರುಚಿದ್ದು
ಅವರ ತೋಳಿನಲ್ಲಿ.
‘ಸೈತಾನನನ್ನು ತ್ಯಜಿಸುತ್ತೀಯಾ’ ಎಂದು ಗುರುಗಳು ಕೇಳಿದಾಗ
ನನ್ನ ಹಲ್ಲಿಲ್ಲದ ಬಾಯಿಗೆ ಬದಲು
‘ತ್ಯಜಿಸುತ್ತೇನೆ’ ಅಂದದ್ದು ಅವರ ಬಾಯಿ.
ಅಪ್ಪ ತೀರಿಕೊಂಡ ವರ್ಷ ಕಾಲೇಜಿನ ಫೀಸು ಕಟ್ಟಿದ್ದು
ಅವರ ಅಂಗಿಯ ಜೇಬು.

ಬೂದಿ ಬುಧವಾರ, ಹಣೆಗೆ ಶಿಲುಬೆ ಬಿದ್ದ ಮೇಲೆ,
ಗದ್ದೆಯ ಬದುವಿನಲ್ಲಿ ನಡೆಯುತ್ತಾ ಮಾತು ಮಸೆದೆ.
‘ಕಳ್ಳ’ ಎಂಬ ಪದಕ್ಕೆ ಎಷ್ಟು ಚಂದದ ಅಲಗು!
ಎಲ್ಲರೆದುರು, ಪೀಠದ ಮುಂದೆ,
ಅವರು ಕಾಣಿಕೆಯ ತಟ್ಟೆ ಹಿಡಿದು ಬರುವಾಗಲೇ ಹೇಳಬೇಕು.
ಆ ದೃಶ್ಯ ನೆನೆದು ಖುಷಿಯಾಯಿತು.
ಖುಷಿಯಾದದ್ದೇ
ನನ್ನನ್ನು ನಿಲ್ಲಿಸಿತು.

ಕೊಪ್ಪರಿಗೆಯ ಹತ್ತಿರ ಮುದುಕ ಪಾಪಣ್ಣ
ಕುದಿಯುವ ಕಬ್ಬಿನ ಹಾಲಿಗೆ ಸುಣ್ಣದ ತಿಳಿ ಬಿಡುತ್ತಿದ್ದ.
‘ಇದ ಬುಡದೇ ಇದ್ರೆ ಕೊಳೆ ಮೇಲಕ್ ಬರಾಕಿಲ್ಲ ಕಣವ್ವ.
ವಸಿ ಜಾಸ್ತಿ ಆಯ್ತೋ, ಬೆಲ್ಲ ಕರ್ರಗಾಯ್ತದೆ.’
ಎಷ್ಟು ಬಿಡಬೇಕು ತಾತ, ಅಂದೆ.
ಅವನು ನಕ್ಕ.
ಅವನ ಕಣ್ಣು ಹಾಲಿನ ಮೇಲಿತ್ತು,
ಸುಣ್ಣದ ಮೇಲಲ್ಲ.

ಶುಕ್ರವಾರ ಶಿಲುಬೆಹಾದಿ ಮುಗಿಸಿ ಅವರ ಮನೆಗೆ ಹೋದೆ.
ಹಿತ್ತಲಲ್ಲಿ ಕರುವಿನ ಕಿವಿಯ ಉಣ್ಣೆ ಕೀಳುತ್ತಾ ಕೂತಿದ್ದರು.
ಕಾಫಿ ಬಂತು. ಲೋಟ ನಡುಗಿತು, ಕೆಳಗಿಟ್ಟೆ.
‘ಅಪ್ಪಾ, ತೂಕ ಸುಳ್ಳು.
ಬರೆದವಳು ನಾನೇ, ಚೀಟಿಯೆಲ್ಲ ನನ್ನ ಕೈಬರಹ.
ಇನ್ನು ಬರೆಯಲಾರೆ.
ಅವತ್ತು ನನಗೆ ಮಾತು ಬರ್ತಿರಲಿಲ್ಲ,
ನನ್ನ ಪರವಾಗಿ ನೀವು ಹೇಳಿದ್ರಿ.
ಇವತ್ತು ನಿಮಗೆ ಕಷ್ಟ ಆಗಿರಬಹುದು.
ಅದಕ್ಕೇ ಬಂದೆ.’

ಅವರು ಕರುವಿನ ಕಿವಿ ಬಿಡಲಿಲ್ಲ.
ಬಹಳ ಹೊತ್ತಿನ ಮೇಲೆ, ‘ಕಾಫಿ ಆರೋಯ್ತದೆ’ ಅಂದರು.
ಆಮೇಲೆ, ‘ಬೀಗದ ಕೈ ಮಡಗಿ ಹೋಗು.’

ಮಡಗಿ ಬಂದೆ.
ನಾಲೆಯ ಏರಿಯ ಮೇಲೆ ಕುಕ್ಕರಿಸಿ ಅತ್ತೆ.
ಧೈರ್ಯದ ಮೊಣಕಾಲು ಇಷ್ಟು ಸಡಿಲವೆಂದು
ಜ್ಞಾನೋಪದೇಶದ ತರಗತಿಯಲ್ಲಿ ಯಾರೂ ಹೇಳಿರಲಿಲ್ಲ.

ಭಾನುವಾರ, ‘ಒಬ್ಬರಿಗೊಬ್ಬರು ಶಾಂತಿ ಕೋರಿರಿ’ ಎಂದಾಗ
ಮುಂದಿನ ಬೆಂಚಿನ ಆ ಬೆನ್ನು ತಿರುಗಲಿಲ್ಲ.
ಅದರಾಚೆಯ ಭಾನುವಾರ ಕೈ ಮುಗಿದರು, ಕಣ್ಣು ಕಿಟಕಿಗೆ.
ಗರಿಗಳ ಹಬ್ಬದ ದಿನ ತಮ್ಮ ಗರಿಯನ್ನು ಸೀಳಿ
ಅರ್ಧ ನನ್ನ ಪಕ್ಕ ಇಟ್ಟು ಹೋದರು.
ಮಾತಿಲ್ಲ.
ಕ್ಷಮೆಯೋ, ಕೇಳಿಕೆಯೋ, ಬರೀ ಗರಿಯೋ,
ಇವತ್ತಿಗೂ ತಿಳಿದಿಲ್ಲ.

ನಿನ್ನೆ ಚಿಕ್ಕತಾಯಮ್ಮ ಗಾಡಿ ಖಾಲಿ ಮಾಡಿ ಬರುತ್ತಾ
ನಮ್ಮ ಜಗಲಿಯಲ್ಲಿ ಕೂತು ಎಲೆ ಅಡಿಕೆ ಚೀಲ ಬಿಚ್ಚಿದಳು.
‘ಈ ಕಿತ ಕಬ್ಬು ತೂಕ ಬತ್ತಾ ಅದೆ ಕಣವ್ವ,
ನಾಲೆ ನೀರು ಚೆಂದಾಗಿ ಕುಡ್ದದೆ.’
ಅವಳ ಬೆರಳ ತುದಿಯಲ್ಲಿ ಚೂರು ಸುಣ್ಣ,
ಎಲೆಯ ಬೆನ್ನಿಗೆ ಹದವಾಗಿ ಸವರುತ್ತಿದ್ದಳು.

ಹೌದು ಅಂದುಬಿಡಬಹುದಿತ್ತು.
ಅವಳ ಮುಖದಲ್ಲಿ ಅಷ್ಟು ಬೆಳಕಿತ್ತು.

ಒಳಗೆ ಹೋಗಿ
ಹಳೆಯ ಕಾರ್ಬನ್ ಪ್ರತಿಗಳ ಕಟ್ಟು ತಂದೆ.
ಅವಳ ಪಕ್ಕ ಕೂತೆ, ಎದುರಿಗಲ್ಲ.
ಅವಳು ಎಲೆ ಮಡಿಸಿ ಬಾಯಿಗಿಡುವ ತನಕ ಕಾದೆ.

‘ನೀರಲ್ಲ, ಚಿಕ್ಕತಾಯಮ್ಮ,’ ಅಂದೆ.