ಒಂಬತ್ತನೇ ವಿಷಯ, ಹದಿನೇಳನೇ ವಿಷಯ

ಸುದ್ದಿಗೆ ಸೆಂಟಿಮೀಟರಿಗಿಷ್ಟು ಎಂದು ಕೊಡುತ್ತಾರೆ ನನಗೆ.
ಕಾರವಾರ ನಗರಸಭೆ, ತಿಂಗಳಿಗೊಂದು ಸಾಮಾನ್ಯ ಸಭೆ,
ಹದಿನಾಲ್ಕು ಸೆಂಟಿಮೀಟರ್ ದಾಟಿದ್ದು
ಬೀದಿನಾಯಿ ಕಚ್ಚಿದ ವರ್ಷ ಮಾತ್ರ,
ಅದೂ ಕಚ್ಚಿಸಿಕೊಂಡವರು ಉಪಾಧ್ಯಕ್ಷರಾದ್ದರಿಂದ.

ಉಳಿದ ಹೊತ್ತು ಜೆರಾಕ್ಸ್ ಅಂಗಡಿ.
ಊರಿನ ಗುಟ್ಟೆಲ್ಲ ನನ್ನ ಗಾಜಿನ ಮೇಲೆ
ಮುಖ ಕೆಳಗೆ ಮಾಡಿ ಮಲಗಿ ಏಳುತ್ತದೆ:
ಪಹಣಿ, ಜಾತಿ ಪ್ರಮಾಣಪತ್ರ, ವಿಚ್ಛೇದನ, ಮಾರ್ಕ್ಸ್‌ಕಾರ್ಡು.
ಓದಬಾರದು.
ಓದುತ್ತೇನೆ.

ಸೋಮವಾರ ಬಂದವಳು ರುಕ್ಮಾ ಬಾನಾವಳಿಕರ,
ಕೋಡಿಬಾಗದ ಹರಕು ಬಲೆಯ ರುಕ್ಮಾ.
ಮೂವತ್ತು ವರ್ಷದಿಂದ
ದೋಣಿಯವರು ಬಿಸಾಡುವ ಬಲೆ ಕಿಲೋ ಲೆಕ್ಕದಲ್ಲಿ ಕೊಂಡು
ಸೀಸದ ಗುಂಡು ಬಿಡಿಸಿ, ಸಿಕ್ಕ ಏಡಿಕಾಲು ಕಿತ್ತು,
ಒಣಗಿಸಿ, ಗಂಟು ಕಟ್ಟಿ ಲಾರಿಗೆ ಹಾಕುವವಳು.
"ಮೂರು ಕಾಪಿ. ವಕೀಲರು ಹೇಳಿದ್ದಾರೆ.
ಏನು ಬರೆದಿದ್ದಾರೆ, ನೀನೇ ಹೇಳಿಬಿಡು ಮಾರಾಯ."
ನೋಟಿಸು. ಅನಧಿಕೃತ, ದುರ್ವಾಸನೆ, ಏಳು ದಿನದೊಳಗೆ.
ಮೂರನೇ ಪ್ರತಿಯಲ್ಲಿ ಟೋನರ್ ಸೋತು
'ದು' ಅಳಿದು, ಅರ್ಕಾವೊತ್ತೂ ಮಾಸಿ
ಬರೀ 'ವಾಸನೆ' ಉಳಿಯಿತು.
ಆ ಪ್ರತಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಗುರುವಾರ ಸಭೆ.
ಒಂಬತ್ತು: ಕೋಡಿಬಾಗದ ಗುಜರಿ ತೆರವಿಗೆ
ಘಟನೋತ್ತರ ಮಂಜೂರಾತಿ.
ಓದಿದರು, ಮೇಜು ಕುಟ್ಟಿದರು, ಮುಗಿಯಿತು,
ಬಟಾಟೆ ವಡೆ ಬರುವ ಮೊದಲೇ.
ಹದಿನೇಳು: ನಗರಕ್ಕೆ ಹಸಿರು ಉದ್ಯಮಗಳನ್ನು ಆಕರ್ಷಿಸುವ ಬಗ್ಗೆ.
ಪರದೆ ಇಳಿಬಿಟ್ಟರು, ದೀಪ ಆರಿಸಿದರು.
ಪರದೆಯ ಮೇಲೆ ನಮ್ಮದೇ ಕಡಲು,
ಕಿಟಕಿಯ ಕಡಲಿಗಿಂತ ನೀಲಿ.
ಹಳೆ ಬಲೆ ಕರಗಿಸಿ ದಾರವಂತೆ,
ದಾರದಿಂದ ಈಜುಡುಗೆ, ಈಜುಡುಗೆ ಹಡಗೇರಿ ಹೊರದೇಶಕ್ಕೆ.
ಐದು ವರ್ಷ ತೆರಿಗೆ ಮಾಫಿ, ನೀರಿಗೆ ಅರ್ಧ ದರ.
ಜಾಗ?
ಪೌರಾಯುಕ್ತರು ನಕಾಶೆಯ ಮೇಲೆ ಬೆರಳಿಟ್ಟರು:
"ಕೋಡಿಬಾಗದಲ್ಲಿ ಹೇಗೂ ಒಂದು ಖಾಲಿಯಾಗುತ್ತದಲ್ಲ."

ಯಾರೂ ನಗಲಿಲ್ಲ. ಅದೇ ಸೋಜಿಗ.
ಸದಸ್ಯೆ ಫಿಲೊಮೆನಾ ರೊಡ್ರಿಗೀಸ್ ಮಾತ್ರ
ಅಜೆಂಡಾದ ಹಾಳೆ ಹಿಂದಕ್ಕೆ ತಿರುವಿದರು, ಮುಂದಕ್ಕೆ ತಿರುವಿದರು,
ಕನ್ನಡಕ ಒರೆಸಿಕೊಂಡರು.
ಆಮೇಲೆ ಚಹಾ ಬಂತು.

ಸಂಜೆ ಕಂಪನಿಯ ಎಂಜಿನಿಯರು ಜಾಗ ನೋಡಲು ಹೋದ,
ಫೋಟೊಗೆಂದು ಹಿಂದೆ ನಾನು.
ಕಾಳಿಯಲ್ಲಿ ಇಳಿತ. ಸೇತುವೆಯ ಕಂಬಗಳು
ಸೀರೆ ಎತ್ತಿಕಟ್ಟಿದವರಂತೆ ಮೊಣಕಾಲು ತೋರಿಸಿ ನಿಂತಿದ್ದವು.
ಬಲೆಗುಡ್ಡೆ ಕಂಡು ಅವನಿಗೆ ಹಿಗ್ಗು, ಬೆನ್ನಿಗೇ ಚಿಂತೆ.
"ಇದರಲ್ಲಿ ನೈಲಾನ್ ಯಾವುದು, ಬೇರೆ ಯಾವುದು?
ಬೆರೆತರೆ ಎಲ್ಲ ಹಾಳು.
ವಿಂಗಡಿಸುವ ಮಶೀನಿಗೆ ಎಂಬತ್ತು ಲಕ್ಷ."

ರುಕ್ಮಾ ಸೊಂಟದಿಂದ ಬೆಂಕಿಪೊಟ್ಟಣ ತೆಗೆದಳು.
ಒಂದು ಎಳೆ ಸುಟ್ಟು ಮೂಸಿದಳು:
"ಮೇಣದ ವಾಸನೆ. ಹಗ್ಗದ ಜಾತಿ. ಆ ಕಡೆ ಹಾಕು."
ಇನ್ನೊಂದು ಎಳೆ, ನೇರ ಅವನ ಮೂಗಿಗೇ:
"ಹಸಿ ಸೊಪ್ಪು ಸುಟ್ಟ ಹಾಗಿಲ್ಲವಾ?
ನಿನಗೆ ಬೇಕಾದ್ದು ಇದೇ."
ಅವನು ಕಣ್ಣು ಮುಚ್ಚಿ ಎಳೆದುಕೊಂಡ, ಮತ್ತೊಮ್ಮೆ ಎಳೆದುಕೊಂಡ,
ಬರೆದುಕೊಂಡ.
ಅವಳ ಹೆಸರು ಕೇಳಲಿಲ್ಲ.
ಒಂದು ಪೊಟ್ಟಣದಲ್ಲಿ ಎಷ್ಟು ಕಡ್ಡಿ ಎಂದು ಕೇಳಿದ.

ರಾತ್ರಿ ಎರಡೂ ಸುದ್ದಿಯನ್ನು ಒಂದೇ ವಾಕ್ಯದಲ್ಲಿ ಹೊಲಿದೆ,
ನಡುವೆ ಒಂದು ಅಲ್ಪವಿರಾಮ.
ಹುಬ್ಬಳ್ಳಿಯ ಡೆಸ್ಕು ಸರಿಯಾಗಿ ಅಲ್ಲೇ ಕತ್ತರಿಸಿತು.
'ಕಾರವಾರಕ್ಕೆ ಹಸಿರು ಉದ್ಯಮ', ಹನ್ನೊಂದು ಸೆಂಟಿಮೀಟರ್.
ಫೋಟೊದಲ್ಲಿ ಕಣ್ಣು ಮುಚ್ಚಿದ ಎಂಜಿನಿಯರು,
ಅಂಚಿನಲ್ಲಿ ಮಣಿಕಟ್ಟಿನವರೆಗೆ ಒಂದು ಕೈ.

ಬಾಗಿಲು ತೆಗೆಯುವ ಹೊತ್ತಿಗೆ ರುಕ್ಮಾ ಮೆಟ್ಟಿಲ ಮೇಲಿದ್ದಳು,
ಮಡಚಿದ ಪೇಪರು ಕಂಕುಳಲ್ಲಿ.
ಬೈಯುತ್ತಾಳೆ ಅಂದುಕೊಂಡೆ.
"ಇದರದ್ದೂ ಮೂರು ಕಾಪಿ ತೆಗಿ.
ಕೈ ದೊಡ್ಡದಾಗಲಿ. ಸುಟ್ಟ ಕಲೆ ಕಾಣಬೇಕು,
ಯಾರದ್ದು ಅಂತ ವಕೀಲರಿಗೆ ತಿಳಿಯಬೇಕು."

ನೂರಕ್ಕೆ ಇನ್ನೂರು ಒತ್ತಿದೆ.
ಗಾಜಿನಡಿಯ ಹಸಿರು ಬೆಳಕು ಆ ಕೈಯನ್ನು ದಾಟಿ ಹೋಯಿತು.
ಟೋನರ್ ಹೊಸದು ಹಾಕಿದ್ದೆ.